ಜೂಜಿಗೆ ಜೂಜು ಅನ್ನಿ, ಆಟದ ಹೆಸರು ಕೆಡಿಸಬೇಡಿ

ಕಳೆದ ಶನಿವಾರ ರಾತ್ರಿ ಇಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, 23 ವರ್ಷದಿಂದ ಬಾಕಿ ಉಳಿದಿದ್ದ ಒಂದು ಕೆಲಸ ಮುಗಿಸಿದೆ. ಪ್ರಿನ್ಸ್ ಆಫ್ ಪರ್ಶಿಯಾ. ಈಗ ಸಿನಿಮಾದಂತೆ ಕಾಣುವ ಅದರ ಹೊಸ ಅವತಾರಗಳಲ್ಲ. ಅಮೆರಿಕದ ಜೋರ್ಡಾನ್ ಮೆಕ್ನರ್ 1989ರಲ್ಲಿ ಹೊರತಂದ ಮೊದಲನೆಯದು, ಮರುವರ್ಷ ಡಾಸ್ ಕಂಪ್ಯೂಟರಿಗೆ ಬಂದು ಮುಂದೆ ನಮ್ಮ ತಾಲೂಕು ಕೇಂದ್ರಗಳವರೆಗೂ ಫ್ಲಾಪಿಯಲ್ಲಿ ಹರಿದು ಬಂದದ್ದು. ಜಾಫರ್‌ನನ್ನು ಕೆಡವಿ, ಕೊನೆಯ ಬಾಗಿಲು ದಾಟಿ, ರಾಜಕುಮಾರಿ ಇದ್ದ ಕೋಣೆಗೆ ಹೋಗಿ ನಿಂತಾಗ 60 ನಿಮಿಷದಲ್ಲಿ ಎರಡು ಉಳಿದಿದ್ದವು.

ಪಕ್ಕದಲ್ಲಿ ನಮ್ಮ ಅಕ್ಕನ ಮಗ ಕೂತಿದ್ದ. ಎಂಟನೇತ್ತೆ ಓದುವ ಹುಡುಗ.

"ಮುಂದಿನ ಲೆವೆಲ್ ಹಚ್ಚರಿ ಮಾಮಾ."

"ಮುಂದಿಂದು ಇಲ್ಲೋ. ಮುಗೀತು."

"ಮುಗೀತು ಅಂದ್ರ? ಅಪ್‌ಡೇಟ್ ಬರಬೇಕೇನು?"

ಅವನು ತಮಾಷೆ ಮಾಡುತ್ತಿರಲಿಲ್ಲ. ಐದಾರು ವರ್ಷದಿಂದ ಮೊಬೈಲ್‌ನಲ್ಲಿ ಆಡುತ್ತಿರುವ ಆ ಹುಡುಗ ಒಂದು ಆಟ ಮುಗಿಯುವುದನ್ನು ಕಂಡದ್ದು ಅವತ್ತೇ ಮೊದಲು. ನಕ್ಕು ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಅದಕ್ಕೆ ಒಂದು ತಿಂಗಳ ಹಿಂದೆ ಬಸವನ ಬಾಗೇವಾಡಿ ಕಡೆಯ ಒಂದು ಹಳ್ಳಿಯಲ್ಲಿ ಕೇಳಿದ ಮಾತು ಇನ್ನೂ ಕಿವಿಯಲ್ಲಿತ್ತು. ನಾನು ಆಟ ಮುಗಿಸಲು ಕೂತದ್ದೇ ಆ ಮಾತಿನಿಂದ.

ಆ ಹಳ್ಳಿ ನನ್ನ ಗೆಳೆಯನದು. ಅವನ ಹೆಸರು ಬರೆಯುವುದಿಲ್ಲ, ಬರೆಯದೆ ಇರುವ ಕರಾರಿನ ಮೇಲೆಯೇ ಇದನ್ನು ಬರೆಯಲು ಒಪ್ಪಿದ್ದಾನೆ. ಲಾಕ್‌ಡೌನ್ ದಿನಗಳಲ್ಲಿ ಮೊಬೈಲ್ ರಮ್ಮಿಗೆ ಕೂತ. ಮೊದಲು ಕೈಯಲ್ಲಿದ್ದ ರೊಕ್ಕ, ಆಮೇಲೆ ಸಾಲದ ಆ್ಯಪ್‌ಗಳ ರೊಕ್ಕ, ಆಮೇಲೆ ಹೆಂಡತಿಯ ಬಂಗಾರ, ಕಡೆಗೆ ಎರಡು ಎಕರೆ ಹೊಲ. ಈಗ ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋಗಿದ್ದಾನೆ. ಅವರ ಮನೆಗೆ ಹೋದಾಗ ಕಾಕಾ ಚಹಾ ಕೊಟ್ಟು, ಸಿಟ್ಟೂ ಇಲ್ಲದ ಧ್ವನಿಯಲ್ಲಿ ಅಂದರು: "ಅವಗ ಕಂಪ್ಯೂಟರ್ ಆಟದ ಚಟ ಮೊದಲ ಹಚ್ಚಿದಂವ ನೀನ ಅಲ್ಲೇನಪಾ?"

ಆಗ ಉತ್ತರ ಕೊಡಲಿಲ್ಲ. ಹೊಲ ಕಳಕೊಂಡ ತಂದೆಯ ಎದುರು ವಾದ ಮಾಡುವುದು ಹೇಗೆ? ವಾದವನ್ನು ಇಲ್ಲಿ ಮಾಡುತ್ತೇನೆ. ಕಾಕಾನ ಮೇಲಲ್ಲ, ಆ ಮಾತನ್ನು ಅವರ ಬಾಯಿಗೆ ಇಟ್ಟುಕೊಟ್ಟವರ ಮೇಲೆ. ಅವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಪತ್ರಿಕೋದ್ಯಮ ಓದಿ ಬಂದ ನಾವೇ.

ಮೊದಲು, ನಾನು ಹಚ್ಚಿದ "ಚಟ" ಎಂಥದಿತ್ತು ಅಂತ ಹೇಳಬೇಕು.

2003ರ ಬೇಸಿಗೆ. ಪಿಯುಸಿ ಪರೀಕ್ಷೆ ಬರೆದು ಸಿಂದಗಿಯ ಒಂದು ಕಂಪ್ಯೂಟರ್ ಸೆಂಟರಿಗೆ ಇಬ್ಬರೂ ಸೇರಿದ್ದೆವು. ಅವನು ಅಲ್ಲಿ ಸೋದರಮಾವನ ಮನೆಯಲ್ಲಿದ್ದ. ಚಪ್ಪಲಿ ಹೊರಗೆ ಬಿಡಬೇಕು, ಮಾನಿಟರಿಗೆ ಪ್ಲಾಸ್ಟಿಕ್ ಹೊದಿಕೆ, ಗೋಡೆಯ ಮೇಲೆ ಸರಸ್ವತಿ. ಡಾಸ್, ಫಾಕ್ಸ್‌ಪ್ರೊ, ಟ್ಯಾಲಿ, ಕಡೆಗೆ ನುಡಿ. ದಿನಕ್ಕೆ ಒಂದು ತಾಸು, ಒಂದು ಕಂಪ್ಯೂಟರಿಗೆ ಇಬ್ಬರು. ಸರ್ ಚಹಾಕ್ಕೆ ಎದ್ದರೆ ನಾವು ಪ್ರಿನ್ಸ್ ತೆಗೆಯುತ್ತಿದ್ದೆವು. ಅವನು ಕೀಲಿ ಒತ್ತುವುದು, ನಾನು ಹೆಜ್ಜೆ ಎಣಿಸುವುದು. ಆ ಆಟದಲ್ಲಿ ಹೆಜ್ಜೆ ಎಣಿಸದೆ ಜಿಗಿದರೆ ಕೆಳಗೆ ಮೊಳೆಗಳ ಮೇಲೆಯೇ ಬೀಳುವುದು. ಕಾಲಿಟ್ಟರೆ ಕುಸಿಯುವ ಹಾಸುಗಲ್ಲು, ಕಚಕ್ ಅಂತ ಬಾಯಿ ಮುಚ್ಚುವ ಬ್ಲೇಡು, ಕುಡಿದರೆ ಜೀವ ಕೊಡುವ ಕೆಂಪು ಮದ್ದು, ಜೀವ ತೆಗೆಯುವ ನೀಲಿ ಮದ್ದು. ಮೂರನೇ ಲೆವೆಲ್‌ನಲ್ಲಿ ನೆಲದ ಮೇಲೆ ಬಿದ್ದಿದ್ದ ಎಲುಬಿನ ಗೂಡು ಎದ್ದು ಕತ್ತಿ ಹಿಡಿದಾಗ ಅವನು ಕುರ್ಚಿಯಿಂದ ಎದ್ದು ನಿಂತಿದ್ದ. ಅದು ಕತ್ತಿಗೆ ಸಾಯುವುದಿಲ್ಲ, ಹಳ್ಳಕ್ಕೆ ಕೆಡವಬೇಕು. ಇದನ್ನು ಕಂಡುಹಿಡಿಯಲು ನಮಗೆ ನಾಲ್ಕು ದಿನ ಬೇಕಾಯಿತು. ಯೂಟ್ಯೂಬ್ ಇನ್ನೂ ಹುಟ್ಟಿರಲಿಲ್ಲ.

ಆಟಕ್ಕೆ ಇರುವುದು 60 ನಿಮಿಷ. ಅಷ್ಟರಲ್ಲಿ 12 ಲೆವೆಲ್ ದಾಟಿ ರಾಜಕುಮಾರಿಯನ್ನು ಮುಟ್ಟದಿದ್ದರೆ ಮರಳುಗಡಿಯಾರ ಖಾಲಿ, ಕೋಣೆಯೂ ಖಾಲಿ. ನಮಗೆ ಸಿಗುತ್ತಿದ್ದದ್ದು ಕದ್ದ ಹತ್ತು ಹದಿನೈದು ನಿಮಿಷ. ಮೂರನೇ ಲೆವೆಲ್‌ನಿಂದ ಮುಂದೆ ಕಂಟ್ರೋಲ್ ಜಿ ಒತ್ತಿ ಉಳಿಸಿಕೊಳ್ಳಬಹುದಿತ್ತು, ಆದರೆ ಒಂದು ಮಷೀನಿಗೆ ಒಂದೇ ಸೇವ್. ನಮ್ಮ ನಂತರದ ಬ್ಯಾಚಿನ ಯಾವನೋ ತನ್ನದನ್ನು ಉಳಿಸಿದರೆ ನಮ್ಮದು ಮಾಯ. ಕರೆಂಟು ಹೋದರಂತೂ ಮಾತೇ ಇಲ್ಲ. ಹೀಗೆ ಬೇಸಿಗೆ ಪೂರ್ತಿ ಬಿದ್ದೆದ್ದು ಹನ್ನೆರಡನೇ ಲೆವೆಲ್‌ಗೆ ಮುಟ್ಟಿದೆವು. ಅಲ್ಲಿ ಪ್ರಿನ್ಸ್‌ನ ನೆರಳೇ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ನಾಲ್ಕನೇ ಲೆವೆಲ್‌ನಲ್ಲಿ ಕನ್ನಡಿಯೊಳಗಿಂದ ಜಿಗಿದಾಗ ಅವನಿಂದ ಬೇರೆಯಾದ ನೆರಳು ಅದು. ಅದಕ್ಕೆ ಒಂದು ಏಟು ಹಾಕಿದರೆ ಪ್ರಿನ್ಸ್‌ನ ಜೀವವೂ ಒಂದು ಕಡಿಮೆ. ಅದನ್ನು ಕೊಂದರೆ ಇವನೂ ಸತ್ತ. ಎಷ್ಟು ಸಲ ಸತ್ತೆವೋ. ಕೋರ್ಸು ಮುಗಿಯಿತು, ಆಟ ಮುಗಿಯಲಿಲ್ಲ. ನಾನು ಡಿಗ್ರಿಗೆ ಹೋದೆ, ಅವನು ಹೊಲಕ್ಕೆ ಹೋದ.

ಆ ನೆರಳಿನ ಕತೆ ಕೇಳಿದರೆ ನಮ್ಮ ಕಡೆಯವರಿಗೆ ಖುಷಿಯಾಗುತ್ತದೆ. ಮೆಕ್ನರ್ ಆಟ ಬರೆಯುತ್ತಿದ್ದ ಆ್ಯಪಲ್ 2 ಕಂಪ್ಯೂಟರಿನ ಮೆಮೊರಿ ತುಂಬಿಹೋಗಿತ್ತು, ಹೊಸ ಶತ್ರುವಿನ ಚಿತ್ರ ಇಡಲು ಜಾಗ ಇರಲಿಲ್ಲ. ಹಾಗಾಗಿ ಪ್ರಿನ್ಸ್‌ನದೇ ಚಿತ್ರವನ್ನು ತಿರುಚಿ ನೆರಳು ಮಾಡಿದ. ಪ್ರಿನ್ಸ್ ಓಡುವುದು, ಜಿಗಿಯುವುದು ಅಷ್ಟು ಜೀವಂತ ಕಾಣುವುದು ತನ್ನ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೊ ತೆಗೆದು, ಒಂದೊಂದೇ ಚೌಕಟ್ಟು ನೋಡಿ ಬಿಡಿಸಿದ್ದರಿಂದ. ಸಂಗೀತ ಅವನ ಅಪ್ಪನದು. ಕತ್ತಿವರಸೆ 1938ರ ರಾಬಿನ್ ಹುಡ್ ಸಿನಿಮಾದಿಂದ ನೋಡಿ ಬಿಡಿಸಿದ್ದು. ಮನೆಮಂದಿಯೆಲ್ಲ ಸೇರಿ ಸಣ್ಣಾಟ ಕಟ್ಟಿದ ಹಾಗೆ.

ಇನ್ನು ನಮ್ಮ ವಿಷಯಕ್ಕೆ. ನಾನು ಮುದ್ದೇಬಿಹಾಳದಲ್ಲಿ ಕೆಲವು ಕಾಲ ಅರೆಕಾಲಿಕ ವರದಿಗಾರನಾಗಿದ್ದೆ. ಠಾಣೆಯ ಪ್ರಕಟಣೆಗಳನ್ನು ತಿದ್ದಿ ಕಳಿಸುವುದು ದಿನದ ಕೆಲಸ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 78 ಅಂದರೆ ಮಟ್ಕಾ, 87 ಅಂದರೆ ಅಂದರ್ ಬಾಹರ್ ಎಂದು ಬಾಯಿಪಾಠ ಆಗಿತ್ತು. ಹೊಲದ ಬದುವಿನಲ್ಲಿ, ಬೇವಿನ ಗಿಡದ ಕೆಳಗೆ ಟವೆಲ್ ಹಾಸಿ ಕೂತ ಐದು ಜನ ಸಿಕ್ಕರೆ ನಮ್ಮ ತಲೆಬರಹ ಸಿದ್ಧ: "ಜೂಜು ಅಡ್ಡೆ ಮೇಲೆ ದಾಳಿ, ಐವರ ಬಂಧನ". ಹೆಸರು, ವಯಸ್ಸು, ಊರು, ವಶಪಡಿಸಿಕೊಂಡ ರೊಕ್ಕ ಎಲ್ಲ ಅಚ್ಚಾಗುತ್ತಿತ್ತು. ಅದೇ ಎಲೆ, ಅದೇ ರಮ್ಮಿ, ಅದೇ ಪಣ ಮೊಬೈಲಿಗೆ ಬಂದಾಗ ನಾವು ಬರೆದದ್ದೇನು? "ಆನ್‌ಲೈನ್ ಗೇಮ್ ಗೀಳು". "ಗೇಮಿಂಗ್ ಹುಚ್ಚಿಗೆ ಯುವಕ ಬಲಿ". ನಾನೂ ಬರೆದಿದ್ದೇನೆ, ಕಡತ ತೆಗೆದರೆ ಸಿಗುತ್ತದೆ. ಟವೆಲ್ ಹಾಸಿ ಕೂತವನು ಜೂಜುಕೋರ, ಸರ್ವರ್ ಹಾಕಿ ಕೂತವನು ಗೇಮಿಂಗ್ ಉದ್ಯಮಿ. ಈ ಭೇದವನ್ನು ನಮಗೆ ಕಲಿಸಿಕೊಟ್ಟವರು ಯಾರು? ಜಾಹೀರಾತು ಕೊಟ್ಟವರು.

ಗೇಮ್ ಎಂಬ ಪದ ಅವರಿಗೆ ಬೇಕಾಗಿತ್ತು. ಜೂಜು ಅಂದರೆ ನಮ್ಮ ಅವ್ವಂದಿರಿಗೆ ತಕ್ಷಣ ತಿಳಿಯುತ್ತದೆ, ಪಗಡಿ ಹಾಸಿ ರಾಜ್ಯ ಕಳಕೊಂಡ ಧರ್ಮರಾಯನ ಕತೆ ಬಯಲಾಟದಲ್ಲಿ ನೋಡಿದವರು ಅವರು. ಗೇಮ್ ಅಂದರೆ ಹುಡುಗರು ಏನೋ ಆಡಾಕತ್ತಾರ ಅಷ್ಟೇ. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯಲ್ಲಿ ಕೌಶಲದ ಪಾಲೇ ಹೆಚ್ಚು ಎಂದು ಹೇಳಿದ್ದನ್ನು ಹಿಡಿದುಕೊಂಡು ಅರ್ಧ ಶತಮಾನದ ನಂತರ ಇವರು ಅಂಗಡಿ ತೆರೆದರು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಲು ಹೋಯಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2023ರ ಅಕ್ಟೋಬರ್‌ನಿಂದ ಕೇಂದ್ರ ಹಾಕಿದ ರೊಕ್ಕಕ್ಕೆಲ್ಲ 28 ಶೇಕಡಾ ಜಿಎಸ್‌ಟಿ ವಸೂಲಿಗೆ ನಿಂತಿತು. ಭಾರತ ಕ್ರಿಕೆಟ್ ತಂಡದ ಅಂಗಿಯ ಎದೆಯ ಮೇಲೆ ಡ್ರೀಮ್11 ಎಂದು ಬರೆದಿತ್ತು. ಕಡೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ರೊಕ್ಕದ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಆ ಕಾಯ್ದೆ ಒಂದು ಒಳ್ಳೆಯ ಕೆಲಸ ಮಾಡಿದೆ: ಇ–ಸ್ಪೋರ್ಟ್ಸ್ ಬೇರೆ, ಮನರಂಜನೆಯ ಆಟ ಬೇರೆ, ರೊಕ್ಕದ ಆಟ ಬೇರೆ ಎಂದು ಮೂರು ಭಾಗ ಮಾಡಿದೆ. ಆಡಿಸುವವರಿಗೆ ಶಿಕ್ಷೆ ಇಟ್ಟಿದೆ, ಆಡಿ ಹಾಳಾದವನಿಗೆ ಇಟ್ಟಿಲ್ಲ. ಕಾಯ್ದೆ ಬರೆದವರಿಗೆ ಗೊತ್ತಾದ ಭೇದ ಸುದ್ದಿ ಬರೆಯುವ ನಮಗೆ ಇನ್ನೂ ಗೊತ್ತಾಗಿಲ್ಲ. ನಿಷೇಧದ ಸುದ್ದಿಗೂ "ಗೇಮ್‌ಗಳಿಗೆ ಬ್ರೇಕ್" ಎಂದೇ ತಲೆಬರಹ ಕೊಟ್ಟೆವು.

ಹೋಗಲಿ, ಪದ ಒಂದು ಹೆಚ್ಚುಕಡಿಮೆ ಆದರೆ ಏನಾಯಿತು ಅನ್ನುತ್ತೀರಾ? ಆದದ್ದನ್ನು ಹೇಳುತ್ತೇನೆ. ಕಾಕಾನಂಥ ತಂದೆಗೆ ತನ್ನ ಹೊಲ ತಿಂದವರು ಯಾರು ಎಂಬುದೇ ಕಾಣದೆ ಹೋಯಿತು. ಮಗನ ಗೆಳೆಯ ಕಂಡ. 23 ವರ್ಷದ ಹಿಂದಿನ, ಒಂದು ರೂಪಾಯಿಯೂ ಕೇಳದ, ಪ್ರಿನ್ಸ್ ಎಂಬ ಬಡ ಆಟ ಕಂಡಿತು. ರೊಕ್ಕ ನುಂಗಿದವರು ಎಲ್ಲಿ ಕೂತಿದ್ದಾರೋ, ಅವರ ಮುಖ ಯಾರಿಗೂ ಕಾಣಲಿಲ್ಲ. ಇದು ಪದದ ತಪ್ಪಲ್ಲ, ದೊಡ್ಡ ದರೋಡೆಯ ಅರ್ಧ ಭಾಗ.

ಆಟ ಯಾವುದು, ಆಟದ ವೇಷದ್ದು ಯಾವುದು ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ಇದು ಎಲ್ಲಿ ಮುಗಿಯುತ್ತದೆ? ಪ್ರಿನ್ಸ್ ಮೊದಲೇ ಹೇಳಿಬಿಡುತ್ತಾನೆ, 60 ನಿಮಿಷ. ಗೆಲ್ಲು ಇಲ್ಲವೇ ಸೋಲು, ಮನೆಗೆ ನಡೆ. ನಾಗರ ಪಂಚಮಿಗೆ ನಮ್ಮಲ್ಲಿ ಲಿಂಬಿಹಣ್ಣು ಎಸೆಯುವ ಪಂದ್ಯ ಕಟ್ಟುತ್ತಾರೆ. ಇಷ್ಟು ಎಸೆತದಲ್ಲಿ ಆ ಗುಡಿ ಮುಟ್ಟಬೇಕು ಅಂತ ಪಣ. (ಇಂಡಿ ಲಿಂಬೆಗೆ 2023ರಲ್ಲಿ ಜಿಐ ಮಾನ್ಯತೆ ಬಂತು, ಪಂದ್ಯಕ್ಕೂ ಅದೇ ಹಣ್ಣು ಬೇಕು ಅಂತ ಜಗಳ ಮಾಡುವವರನ್ನು ನೋಡಿದ್ದೇನೆ.) ಅದರಲ್ಲೂ ಪಣ ಇದೆ, ಸುಳ್ಳು ಹೇಳಲಾರೆ. ಆದರೆ ಗುಡಿ ಮುಟ್ಟಿದರೆ ಮುಗಿಯಿತು, ಹಣ್ಣು ಒಡೆದರೆ ಮುಗಿಯಿತು, ಕತ್ತಲಾದರೆ ಮುಗಿಯಿತು. ಸಂಗ್ರಾಣಿ ಕಲ್ಲು ಎತ್ತಿದರೆ ಎತ್ತಿದಂತೆ. ಕಬಡ್ಡಿಗೆ ಸೀಟಿ ಇದೆ. ಸೋತವನು ಎದ್ದು ಮೈಯ ಮಣ್ಣು ಕೊಡವಿಕೊಂಡು ಹೋಗುವ ಗಳಿಗೆ ಪ್ರತಿ ಆಟದಲ್ಲೂ ಇದೆ. ರಮ್ಮಿ ಆ್ಯಪ್‌ನಲ್ಲಿ ಆ ಗಳಿಗೆಯೇ ಇಲ್ಲ. ನಡುರಾತ್ರಿ ಎರಡಕ್ಕೂ ಎದುರಿಗೆ ಕೂರಲು ಯಾರೋ ಇರುತ್ತಾರೆ. ಎದ್ದು ಹೋದರೆ ಮರುದಿನ ಮೆಸೇಜು ಬರುತ್ತದೆ, ನಿನಗಾಗಿ ಇಷ್ಟು ಬೋನಸ್ ಇಟ್ಟಿದ್ದೇವೆ ಅಂತ. ಇಸ್ಪೀಟ್ ಅಡ್ಡೆಯವನಾದರೂ ಸೋತವನ ಮನೆ ಬಾಗಿಲಿಗೆ ಕರೆಯಲು ಬರುತ್ತಿರಲಿಲ್ಲ.

ರೊಕ್ಕ ಕಟ್ಟದ ಮೊಬೈಲ್ ಆಟಗಳೂ ಈ ಪ್ರಶ್ನೆಗೆ ಪೂರ್ತಿ ಪಾಸಾಗುವುದಿಲ್ಲ. ಕ್ಯಾಂಡಿ ಕ್ರಷ್‌ಗೆ ಸಾವಿರಾರು ಲೆವೆಲ್, ಮುಗಿಯುವ ಮೊದಲೇ ಹೊಸವು ಬಂದು ಸೇರುತ್ತವೆ. ಗುಂಡು ಹಾರಿಸುವ ಆಟಗಳಿಗೆ ಸೀಸನ್ ಮೇಲೆ ಸೀಸನ್. ಇವು ಜೂಜಲ್ಲ, ಹಾಗೆ ಅನ್ನುವುದೂ ತಪ್ಪು. ಆದರೆ ಮುಗಿಸಿ ಕಳಿಸುವ ಮನಸ್ಸು ಇವಕ್ಕಿಲ್ಲ. ನಮ್ಮ ಕಾಲದಲ್ಲಿ ಚೀಟ್ ಇತ್ತು. ಪ್ರಿನ್ಸ್ ಎಂದು ಟೈಪ್ ಮಾಡಿ ಮುಂದೆ ಮೆಗಾಹಿಟ್ ಅಂತ ಸೇರಿಸಿದರೆ ಲೆವೆಲ್ ಹಾರಬಹುದಿತ್ತು, ಸಮಯವನ್ನೂ ಹೆಚ್ಚಿಸಿಕೊಳ್ಳಬಹುದಿತ್ತು. ಪುಕ್ಕಟೆ. ನಾವಿಬ್ಬರೂ ಅದನ್ನು ಮುಟ್ಟಬಾರದು ಅಂತ ಆಣೆ ಹಾಕಿಕೊಂಡಿದ್ದೆವು. ಈಗ ಅದೇ ಚೀಟನ್ನು ಒಂದು ಜೀವಕ್ಕೆ ಇಷ್ಟು, ಒಂದು ಕತ್ತಿಗೆ ಇಷ್ಟು ಅಂತ ಮಾರುತ್ತಾರೆ. ದಾರಿಯಲ್ಲಿ ಹಳ್ಳ ತೋಡುವವನೂ ಏಣಿ ಮಾರುವವನೂ ಒಬ್ಬನೇ ಆದರೆ ಹಳ್ಳ ಯಾವತ್ತಾದರೂ ಮುಚ್ಚೀತೇ?

ಹಳೆಯದೆಲ್ಲ ಬಂಗಾರ ಅಂತ ಹಾಡುತ್ತಿಲ್ಲ. ಸೆಂಟರಿಗೆ ಕಟ್ಟಿದ ಫೀ ನಮ್ಮವ್ವ ಎಮ್ಮೆಯ ಹಾಲು ಮಾರಿ ಕೊಟ್ಟದ್ದು, ಫಾಕ್ಸ್‌ಪ್ರೊ ನನಗೆ ಇವತ್ತಿಗೂ ಬರುವುದಿಲ್ಲ. ಆ ಬೇಸಿಗೆಯಲ್ಲಿ ನಾವು ಮನೆಗೆ ಸುಳ್ಳು ಹೇಳಿದ್ದೂ ನಿಜ. ಕಾಕಾನ ಮಾತಿನಲ್ಲಿ ಒಂದು ಎಳೆ ಸತ್ಯ ಇದೆ: ಪರದೆಯ ಮುಂದೆ ಕೂತು ಜಗತ್ತು ಮರೆಯುವ ರುಚಿ ಅವನಿಗೆ ಮೊದಲು ಸಿಕ್ಕಿದ್ದು ನನ್ನ ಪಕ್ಕದಲ್ಲೇ. ಆ ರುಚಿ ಯಾರ ಕೈಗೆ ಸಿಕ್ಕಿತು ಎಂಬುದು ಮುಖ್ಯ. ಮೆಕ್ನರ್ ಅದಕ್ಕೆ ಪ್ರತಿಯಾಗಿ ನಮ್ಮಿಂದ ಒಂದು ಬೇಸಿಗೆ ತೆಗೆದುಕೊಂಡ. ಇವರು ಎರಡು ಎಕರೆ ತೆಗೆದುಕೊಂಡರು.

ಮೆಕ್ನರ್ ಕಳೆದುಹೋಗಿತ್ತು ಅಂದುಕೊಂಡಿದ್ದ ಮೂಲ ಕೋಡ್ ಇದ್ದ ಫ್ಲಾಪಿಗಳು 2012ರಲ್ಲಿ ಅವನ ಅಪ್ಪನ ಮನೆಯಲ್ಲಿ ಸಿಕ್ಕವು. ಅವನು ಅದನ್ನು ಎಲ್ಲರೂ ನೋಡಲಿ ಅಂತ ಇಂಟರ್ನೆಟ್ಟಿಗೆ ಹಾಕಿಬಿಟ್ಟ. 2015ರಿಂದ ಇಂಟರ್ನೆಟ್ ಆರ್ಕೈವ್‌ನಲ್ಲಿ ಡಾಸ್ ಆಟಗಳನ್ನು ಬ್ರೌಸರ್‌ನಲ್ಲೇ ಆಡಬಹುದು. ಯಾವ ರಮ್ಮಿ ಕಂಪನಿ ತನ್ನ ಕೋಡ್ ತೆರೆದು ತೋರಿಸುತ್ತದೆ, ಎಲೆ ಹೇಗೆ ಹಂಚುತ್ತೇವೆ ನೋಡಿರಿ ಅಂತ? ಇನ್ನೊಂದು ಸಣ್ಣ ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ಇದೇ ಸರಣಿಯ 2003ರ ಆಟವನ್ನು ಹೊಸದಾಗಿ ಕಟ್ಟುವ ಕೆಲಸವನ್ನು ಕಂಪನಿ ತನ್ನ ಪುಣೆ, ಮುಂಬೈ ಸ್ಟುಡಿಯೊಗಳಿಗೆ ಕೊಟ್ಟಿತ್ತು. ಇಂಡಿ, ಸಿಂದಗಿಯಿಂದ ಜನ ಗಾರೆ ಕೆಲಸಕ್ಕೆ ಹೋಗುವ ಅದೇ ಪುಣೆ. 2022ರಲ್ಲಿ ಕೆನಡಾಕ್ಕೆ ಎತ್ತಿಕೊಂಡು ಹೋದರು, 2026ರ ಜನವರಿಯಲ್ಲಿ ಕೈಬಿಟ್ಟೇಬಿಟ್ಟರು. ಹುಡುಗರು ಕಟ್ಟಿದ್ದು ಅರ್ಧಕ್ಕೇ ನಿಂತಿತು ಅಂತ ಓದಿ ಯಾಕೋ ಹೊಟ್ಟೆಯಲ್ಲಿ ಕಸಿವಿಸಿ.

ನಾನು ಕೇಳುವುದು ಇಷ್ಟು. ಗೆಳೆಯರೆ, ನಾಲ್ಕೂ ತಾಲೂಕಿನಲ್ಲಿ ನಮ್ಮವರು ಡೆಸ್ಕಿನಲ್ಲಿದ್ದೀರಿ, ಸ್ಟ್ರಿಂಗರ್ ಇದ್ದೀರಿ, ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೀರಿ. ಮುಂದಿನ ಸಲ ರೊಕ್ಕ ಕಟ್ಟಿ ಹಾಳಾದವನ ಸುದ್ದಿ ಬಂದಾಗ "ಜೂಜು" ಎಂದು ಬರೆಯಿರಿ. ಕಂಪನಿ ಯಾವುದು, ಸಾಲ ಕೊಟ್ಟ ಆ್ಯಪ್ ಯಾವುದು ಎಂದು ಕೇಳಿ ಬರೆಯಿರಿ. ನಿಷೇಧದ ನಂತರವೂ ಬೇರೆ ಹೆಸರಿನಲ್ಲಿ ಲಿಂಕು ಹರಿದಾಡುತ್ತಿದ್ದರೆ ಅದು ಸುದ್ದಿ, ಹುಡುಗರು ಕಟ್ಟೆಯ ಮೇಲೆ ಕೂತು ಮೊಬೈಲ್ ನೋಡುತ್ತಿರುವುದು ಸುದ್ದಿಯಲ್ಲ. ಪಂಚಾಯಿತಿ ಅರಿವು ಕೇಂದ್ರದ ಕಂಪ್ಯೂಟರಿನ ಮೇಲೆ "ಗೇಮ್ ಆಡಬಾರದು" ಎಂದು ಚೀಟಿ ಹಚ್ಚಿದ್ದನ್ನು ನೋಡಿದ್ದೇನೆ. ಆ ಚೀಟಿ ಕಿತ್ತು, ಶನಿವಾರ ಮಧ್ಯಾಹ್ನ ಒಂದು ತಾಸು, ಕೊನೆ ಇರುವ ಹಳೆಯ ಆಟ ಒಂದನ್ನು ಹಾಕಿಕೊಡಿ. ಇಬ್ಬಿಬ್ಬರು ಕೂರಲಿ, ಒಬ್ಬ ಒತ್ತಲಿ, ಒಬ್ಬ ಎಣಿಸಲಿ. ಆಟ ಮುಗಿಯುವುದನ್ನು ಒಮ್ಮೆ ಕಂಡ ಹುಡುಗ ಮುಗಿಯದ್ದನ್ನು ಗುರುತು ಹಿಡಿದಾನು. ನಮ್ಮ ಅಕ್ಕನ ಮಗ ಭಾನುವಾರ ಬೆಳಿಗ್ಗೆ ತಾನೇ ಕೂತು ಮೂರನೇ ಲೆವೆಲ್ ಮುಟ್ಟಿದ್ದಾನೆ. ಎಲುಬಿನ ಗೂಡಿನ ಗುಟ್ಟು ನಾನು ಹೇಳಿಲ್ಲ.

ಹನ್ನೆರಡನೇ ಲೆವೆಲ್‌ನ ಗುಟ್ಟು ನನಗೂ ಯಾರೂ ಹೇಳಿರಲಿಲ್ಲ. ಶನಿವಾರ ರಾತ್ರಿ ನೆರಳಿನ ಎದುರು ಒಂಬತ್ತನೇ ಸಲ ಸತ್ತ ಮೇಲೆ, ಬೇಸರಕ್ಕೆ ಕೆಳಗಿನ ಬಾಣದ ಕೀಲಿ ಒತ್ತಿ ಕತ್ತಿ ಒರೆಗೆ ಹಾಕಿದೆ. ನೆರಳೂ ಹಾಕಿತು. ಎರಡೂ ಹತ್ತಿರ ಬಂದು ಒಂದಾದವು. ಮುಂದೆ ಏನೂ ಇಲ್ಲದ ಕಡೆ ಓಡಿದರೆ ಕಾಲ ಕೆಳಗೆ ಹಾಸುಗಲ್ಲು ಮೂಡುತ್ತ ಹೋಯಿತು.

ಮರುದಿನ ಗೋವಾಕ್ಕೆ ಫೋನ್ ಮಾಡಿದೆ. ಕೆಲಸದ ಸಪ್ಪಳದ ನಡುವೆ ಎತ್ತಿದ.

"ಪ್ರಿನ್ಸ್ ಮುಗಿಸಿದ್ನೋ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮೆಗಾಹಿಟ್ ಹಚ್ಚಿದಿ?"

"ಇಲ್ಲ."

"ಎಷ್ಟು ನಿಮಿಷ ಉಳದಿತ್ತು?"

"ಎರಡು."

"ಎರಡೇನ? ನಾ ಆಡಿದ್ರ ಐದ ಉಳೀತಿತ್ತು ನೋಡು."